ಫೋಟೋ ಕ್ಯಾಪ್ಟನ್, ಮ್ಯಾಟ್ ಕ್ಯಾಪ್ಟನ್

ಪ್ರಣವ್, ಧೃತಿ, ಈ ವಾರದ ಅಂಕಣ ನನ್ನ ಮೊಮ್ಮಕ್ಕಳಾದ ನಿಮಗಾಗಿ. (ಪ್ರತಿ ವಾರ ಓದುವ ಉಳಿದವರು ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದು. ಜಾಗ ಇದೆ.)

ಮೊನ್ನೆ ಕುವೈತಿನ ಮಂಗಾಫಿನಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಮೇಲೆ, ನಾಲ್ಕು ಬೆರಳು ಅಗಲದ ಒಂದು ಕೆಂಪು ಪಟ್ಟಿ ಬಿದ್ದಿತ್ತು. ಯಾರೂ ಅದನ್ನು ಎತ್ತಲಿಲ್ಲ. ಎಲ್ಲರೂ ಅದರ ಸುತ್ತ ತಟ್ಟೆ ಇಟ್ಟುಕೊಂಡು ಉಂಡರು. ಸಾರಿನ ಪಾತ್ರೆ ಸರಿಸುವಾಗಲೂ ಅದಕ್ಕೆ ತಾಗದ ಹಾಗೆ ಸರಿಸಿದರು. ಅಲ್ಲಿ ಹಾವು ಮಲಗಿದ್ದರೂ ಇಷ್ಟು ಮರ್ಯಾದೆ ಸಿಗುತ್ತಿರಲಿಲ್ಲ.

ಅದು ಕ್ಯಾಪ್ಟನ್ ತೋಳಿಗೆ ಕಟ್ಟುವ ಪಟ್ಟಿ. ನಮ್ಮ ತಾಲೂಕಿನ ಸಂಘದ ಹುಡುಗರ ಕಬಡ್ಡಿ ತಂಡದ್ದು. ಕಬಡ್ಡಿಯಲ್ಲಿ ತೋಳುಪಟ್ಟಿ ಎಂಬುದೇ ಇಲ್ಲ ಎಂದು ನೀನು ಹೇಳಿದ್ದೆ, ಪ್ರಣವ್. ಇರಬಹುದು. ಆದರೆ ನಮ್ಮ ಸಮಿತಿಯವರು ಟೀವಿಯಲ್ಲಿ ಫುಟ್‌ಬಾಲ್ ನೋಡುತ್ತಾರೆ. ಅಲ್ಲಿ ಇದ್ದದ್ದು ಇಲ್ಲಿ ಇಲ್ಲದೆ ಹೋದರೆ ತಾಲೂಕಿಗೆ ಅವಮಾನವಲ್ಲವೇ?

ಕುವೈತಿನಲ್ಲಿರುವ ನಮ್ಮ ಕರಾವಳಿಯ ಜನ ತಾಲೂಕಿಗೊಂದು ಸಂಘ ಕಟ್ಟಿಕೊಂಡಿದ್ದಾರೆ. ನಮ್ಮದರಲ್ಲಿ ತುಳುವಿನವರು, ಕೊಂಕಣಿಯವರು, ಬ್ಯಾರಿಗಳು, ನಮ್ಮಂತೆ ಮನೆಯಲ್ಲಿ ಕನ್ನಡ ಆಡುವವರು, ಎಲ್ಲರೂ ಇದ್ದಾರೆ. ಪ್ರೀತಿ ಅವರವರ ಭಾಷೆಯಲ್ಲಿ ನಡೆಯುತ್ತದೆ. ಜಗಳ ಮಾತ್ರ ಕನ್ನಡದಲ್ಲಿ, ಎಲ್ಲರಿಗೂ ಅರ್ಥವಾಗಲಿ ಎಂದು. ಚಳಿಗಾಲ ಬಂದರೆ ಸಂಘಗಳ ನಡುವೆ ಕಬಡ್ಡಿ. ಹನ್ನೆರಡನೇ ಕ್ಲಾಸ್ ಮುಗಿಸಿದ ಹುಡುಗರು ಊರಿಗೋ ಬೇರೆ ದೇಶಕ್ಕೋ ಕಾಲೇಜಿಗೆ ಹೊರಟುಬಿಡುತ್ತಾರೆ. ಹಾಗಾಗಿ ಪ್ರತಿ ವರ್ಷ ಹೊಸ ಕ್ಯಾಪ್ಟನ್ ಬೇಕು. ಪ್ರತಿ ವರ್ಷ ಹೊಸ ಜಗಳವೂ ಸಿಗುತ್ತದೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಿಮ್ಮ ಅಪ್ಪ ನನ್ನನ್ನು ಇಲ್ಲಿಗೆ ಕರೆತಂದ. ಆಗ ಧೃತಿ ಇನ್ನೂ ಅಂಬೆಗಾಲಿಡುತ್ತಿದ್ದಳು. ಅಂದಿನಿಂದ ಪಂದ್ಯಗಳನ್ನು ನೋಡುತ್ತಿದ್ದೇನೆ. ಮೈದಾನದ ಬದಿಯಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಯಾರೂ ನನ್ನನ್ನು ಮಾತಾಡಿಸುವುದಿಲ್ಲ, ನಾನೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಇದಕ್ಕಿಂತ ಸುಖದ ಜಾಗ ನನಗೆ ಈ ದೇಶದಲ್ಲಿ ಸಿಕ್ಕಿಲ್ಲ. ಅಲ್ಲಿ ಕೂತು ನೋಡಿದ ಕ್ಯಾಪ್ಟನ್‌ಗಳ ಕಥೆ ಕೇಳಿ.

ನಾನು ಕಂಡ ಮೊದಲ ಕ್ಯಾಪ್ಟನ್ ಲೋಹಿತ್. ಅವನ ಅಪ್ಪನ ಕಂಪೆನಿಯ ಬಸ್ಸಿನಲ್ಲಿ ತಂಡ ಮೈದಾನಕ್ಕೆ ಹೋಗುತ್ತಿತ್ತು. ಬಸ್ಸು ಕೊಟ್ಟವರ ಮಗನನ್ನು ಬಿಡುವುದು ಹೇಗೆ? ಲೋಹಿತ್ ಮೊದಲ ರೈಡಿಗೆ ಹೋದ, ಔಟಾದ, ಹೊರಗೆ ಬಂದು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೂತ. ಕೂರುವುದರಲ್ಲಿ ಅವನಷ್ಟು ಗಾಂಭೀರ್ಯ ಇನ್ನೊಬ್ಬ ಕ್ಯಾಪ್ಟನ್‌ಗೆ ಬರಲಿಲ್ಲ.

ಆಮೇಲೆ ಬಂದವನು ಕೋಳಿ ಸುಕ್ಕದ ಕ್ಯಾಪ್ಟನ್. ಅವನ ಅಮ್ಮ ಪಂದ್ಯದ ದಿನ ಇಡೀ ತಂಡಕ್ಕೆ ಕೋಳಿ ಸುಕ್ಕ, ನೀರುದೋಸೆ ಮಾಡಿ ತರುತ್ತಿದ್ದರು. "ನನ್ನ ಮಗ ಬೇಡ ಆದ್ರೆ ಬೇಡ ಮಾರಾಯ್ರೆ, ನಂಗೆ ಎಂತ ಬೇಜಾರೂ ಇಲ್ಲ. ಈ ಸಲ ನೀವೇ ಅಂಗಡಿಯ ರೊಟ್ಟಿ ತಂದು ತಿನ್ನಿ" ಎಂದರಂತೆ. ಮೀಟಿಂಗ್ ಅಲ್ಲಿಗೇ ಮುಗಿಯಿತು.

ಒಂದು ವರ್ಷ ಸಂಘದಲ್ಲಿ ಇಬ್ಬರು ಅಧ್ಯಕ್ಷರಿದ್ದರು. (ಹೇಗೆ ಎಂದು ಕೇಳಬೇಡಿ. ಇಬ್ಬರೂ ಈ ಅಂಕಣ ಓದುತ್ತಾರೆ.) ಹಾಗಾಗಿ ತಂಡಕ್ಕೂ ಇಬ್ಬರು ಕ್ಯಾಪ್ಟನ್. ಟಾಸಿಗೆ ಇಬ್ಬರೂ ಹೋದರು. ಒಬ್ಬ ಹೆಡ್ ಎಂದ, ಇನ್ನೊಬ್ಬ ಟೇಲ್ ಎಂದ. ಎದುರು ತಂಡದ ಹುಡುಗ ಬಾಯಿ ಬಿಟ್ಟುಕೊಂಡು ನಿಂತಿದ್ದ. "ಮೊದಲು ನೀವಿಬ್ಬರು ಆಡಿ ಮುಗಿಸಿ, ಗೆದ್ದವರು ಇವನ ಜೊತೆ ಆಡಿ" ಎಂದರು ರೆಫ್ರಿ.

ಇನ್ನೊಬ್ಬ ಕ್ಯಾಪ್ಟನ್ ಪಂದ್ಯದ ಹೊತ್ತಿಗೆ ಮಂಗಳೂರಿನಲ್ಲಿ ನೀಟ್ ಕೋಚಿಂಗಿಗೆ ಸೇರಿದ್ದ. ಆದರೂ ಕ್ಯಾಪ್ಟನ್ ಅವನೇ. ಅವನ ಅಪ್ಪ ವಿಡಿಯೋ ಕಾಲ್ ಹಾಕಿ, ಸಾಲಾಗಿ ನಿಂತ ಆಟಗಾರರ ಮುಂದೆ ಮೊಬೈಲು ಹಿಡಿದುಕೊಂಡು ನಡೆದರು. ಎದುರು ತಂಡದ ಕ್ಯಾಪ್ಟನ್ ಗೊಂದಲದಲ್ಲಿ ಮೊಬೈಲಿಗೇ ನಮಸ್ಕಾರ ಹೇಳಿದ. ಕಪ್ಪನ್ನೂ ಮೊಬೈಲೇ ತೆಗೆದುಕೊಂಡಿತು. ಅಷ್ಟು ಹೊತ್ತಿಗೆ ನೆಟ್‌ವರ್ಕ್ ಕೈಕೊಟ್ಟು ಕ್ಯಾಪ್ಟನ್ ಒಂದು ಕಣ್ಣು ಮುಚ್ಚಿದಲ್ಲೇ ನಿಂತುಬಿಟ್ಟಿದ್ದ. ಆ ವರ್ಷದ ಗ್ರೂಪ್ ಫೋಟೋದಲ್ಲಿ ಅವನು ಇವತ್ತಿಗೂ ಹಾಗೇ ಇದ್ದಾನೆ.

ಹಾಗಾದರೆ ತಂಡವನ್ನು ಆಡಿಸುತ್ತಿದ್ದವರು ಯಾರು?

ಅದಕ್ಕೆ ಹುಡುಗರೇ ಒಂದು ದಾರಿ ಕಂಡುಕೊಂಡಿದ್ದರು. ಸಮಿತಿ ಆರಿಸಿದವನು ಫೋಟೋ ಕ್ಯಾಪ್ಟನ್. ಮ್ಯಾಟಿನ ಮೇಲೆ ಕಷ್ಟ ಬಂದಾಗ ಎಲ್ಲರೂ ಯಾರ ಮುಖ ನೋಡುತ್ತಾರೋ ಅವನು ಮ್ಯಾಟ್ ಕ್ಯಾಪ್ಟನ್. ಟಾಸು, ಹೂಗುಚ್ಛ, ಭಾಷಣ, ಕಪ್ಪು ಮೊದಲನೆಯವನಿಗೆ. ಕೂಗಾಟ, ಬೈಗುಳ, ಮೊಣಕಾಲಿನ ಗಾಯ ಎರಡನೆಯವನಿಗೆ. ಗ್ರೂಪ್ ಫೋಟೋದಲ್ಲಿ ಮೊದಲನೆಯವನು ನಟ್ಟನಡುವೆ. ಎರಡನೆಯವನು ತುದಿಯಲ್ಲಿ, ಅರ್ಧ ಭುಜ ಚೌಕಟ್ಟಿನ ಹೊರಗೆ.

ಇದು ಹಿರಿಯರಿಗೂ ಗೊತ್ತಿತ್ತು, ಕಿರಿಯರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹಾಗಾಗಿ ಸಲೀಸಾಗಿ ನಡೆಯುತ್ತಿತ್ತು. ಎಷ್ಟೋ ಆಫೀಸುಗಳು, ಎಷ್ಟೋ ಸಂಸಾರಗಳು ನಡೆಯುವುದೂ ಹೀಗೇ ಅಲ್ಲವೇ?

ಈ ವರ್ಷದ ಮ್ಯಾಟ್ ಕ್ಯಾಪ್ಟನ್ ಇರ್ಫಾನ್. ಪ್ರಣವ್, ನಿನ್ನ ಜೊತೆ ಕೆಜಿಯಿಂದ ಓದಿದವನು. ಶುವೈಖಿನಲ್ಲಿ ಗ್ಯಾರೇಜ್ ಇಟ್ಟಿರುವ ಹಮೀದ್ ಭಾಯಿಯ ಮಗ. ಆಳು ಕುಳ್ಳ, ಗಂಟಲು ಲಾರಿಯ ಹಾರ್ನು. ಅವನು "ಹಿಡಿ" ಎಂದರೆ ಎದುರು ತಂಡದವರೂ ಒಮ್ಮೆ ಯಾರನ್ನಾದರೂ ಹಿಡಿದುಕೊಳ್ಳುತ್ತಾರೆ. ಪ್ರ್ಯಾಕ್ಟೀಸ್ ಶುರುವಾದ ದಿನದಿಂದ ಹುಡುಗರು ಅವನ ಮುಖವನ್ನೇ ನೋಡುತ್ತಿದ್ದರು. ನೀನೂ ಕೂಡ.

ಆದರೆ ಈ ವರ್ಷ ಸಂಘದ ಅಧ್ಯಕ್ಷ ಯಾರು? ನಿಮ್ಮ ಅಪ್ಪ ಸತೀಶ.

ಸಮಿತಿಯ ಮೀಟಿಂಗ್ ನಮ್ಮ ಹಾಲಿನಲ್ಲೇ ನಡೆಯಿತು. ನಾನು ಗೋಳಿಬಜೆ ಕರಿದು ತಂದಿಟ್ಟು, ಅಡುಗೆಮನೆಯ ಬಾಗಿಲ ಬಳಿ ನಿಂತಿದ್ದೆ.

"ಕ್ಯಾಪ್ಟನ್ ವಿಷಯ ಮಾತಾಡ್ಲಿಕ್ಕೇ ಇಲ್ಲ. ಪ್ರಣವ್" ಎಂದರು ಕಾರ್ಯದರ್ಶಿ ಶೇಖರಣ್ಣ, ಗೋಳಿಬಜೆಯನ್ನು ಚಟ್ನಿಗೆ ಅದ್ದುತ್ತಾ.

"ಛೆ ಛೆ, ಬೇಡ" ಎಂದ ಸತೀಶ. "ನಾನು ಅಧ್ಯಕ್ಷ ಆದ ವರ್ಷವೇ ನನ್ನ ಮಗನನ್ನು ಮಾಡಿದ್ರೆ ಜನ ಎಂತ ಹೇಳಿಯಾರು?"

"ಜನ ಅಂದ್ರೆ ಯಾರು ಮಾರಾಯ್ರೆ? ಇಲ್ಲಿ ಕೂತಿದ್ದೇವಲ್ಲ, ನಾವೇ."

"ಆದ್ರೂ..."

"ಆದ್ರೂ ಗೀದ್ರೂ ಇಲ್ಲ. ಖಲಾಸ್."

ನನ್ನ ಮಗನ "ಬೇಡ"ದಲ್ಲಿ ಎಷ್ಟು ಬಗೆ ಇವೆ ಎಂದು ನನಗೆ ಗೊತ್ತಿಲ್ಲವೇ? ಇದು "ಇನ್ನೊಂದು ಸಲ ಕೇಳಿ" ಎನ್ನುವ ಬೇಡ. ಚಿಕ್ಕವನಿದ್ದಾಗ ನೆಂಟರ ಮನೆಯಲ್ಲಿ ಲಾಡು ಕೊಟ್ಟರೆ ಇದೇ ಬೇಡ ಹೇಳುತ್ತಿದ್ದ. ಲಾಡು ಯಾವತ್ತೂ ತಟ್ಟೆಗೆ ವಾಪಸ್ ಹೋದದ್ದಿಲ್ಲ.

ಆಗ ಸೋಫಾದ ಹಿಂದಿನಿಂದ ಧೃತಿ, ನೀನು ತಲೆ ಎತ್ತಿದೆ. "ಅಂಕಲ್, ಪ್ಲೇಯರ್ಸ್ ಎಲೆಕ್ಷನ್ ಮಾಡಬಾರ್ದಾ?"

"ಎಲೆಕ್ಷನ್ ಮಾಡಿದ್ರೆ ಆ ಮಕ್ಕಳು ಯಾರನ್ನು ಬೇಕಾದ್ರೂ ಆರಿಸಿ ಬಿಡ್ತಾರಲ್ಲ ಮಗಾ!" ಎಂದರು ಶೇಖರಣ್ಣ.

ತಮಾಷೆಗೆ ಹೇಳಿದ್ದಲ್ಲ. ನಿಜವಾದ ಆತಂಕ ಅವರ ಮುಖದಲ್ಲಿತ್ತು.

ಹೀಗೆ ಆ ಕೆಂಪು ಪಟ್ಟಿ ನಮ್ಮ ಮೇಜಿಗೆ ಬಂತು. ಪ್ರಣವ್, ನೀನು ಅದನ್ನು ನೋಡಿದವನೇ "ಐ ಡೋಂಟ್ ವಾಂಟ್ ಇಟ್" ಎಂದೆ. (ನಿನ್ನ ಬೇಡ ಒಂದೇ ಬಗೆಯದು. ಅದು ನಿನ್ನ ಅಜ್ಜನಿಂದ ಬಂದದ್ದು.)

"ಬೇಡ ಅಂದ್ರೆ ಎಂತ? ಎಲ್ಲರೂ ಸೇರಿ ಕೊಟ್ಟದ್ದು" ಎಂದ ಸತೀಶ. "ಅಪ್ಪನ ಮರ್ಯಾದೆ ನೋಡ್ಲಿಕ್ಕಿಲ್ವಾ ನಿಂಗೆ?"

"ಇರ್ಫಾನ್ ಈಸ್ ದ ಕ್ಯಾಪ್ಟನ್. ಎವರಿಬಡಿ ನೋಸ್."

"ಆಡುವಾಗ ಅವನೇ ಇರ್ಲಿ ಮಾರಾಯ. ಬೇಡ ಅಂದವರು ಯಾರು? ನೀನು ಅದನ್ನು ಕಟ್ಟಿಕೊಂಡು ನಿಂತ್ರೆ ಆಯ್ತು."

ನಿಮ್ಮ ಅಪ್ಪನ ದೃಷ್ಟಿಯಲ್ಲಿ ಇದು ದೊಡ್ಡ ವಿಷಯವೇ ಅಲ್ಲ. ಎಲ್ಲ ವರ್ಷವೂ ನಡೆದದ್ದೇ ತಾನೆ?

ಮರುದಿನ ಸಂಜೆ ಇರ್ಫಾನ್ ಬಂದ. ಪ್ರ್ಯಾಕ್ಟೀಸಿಗೆ ಹೋಗುವ ಮೊದಲು ನಮ್ಮ ಮನೆಗೆ ಬಂದು, ಏನಿದೆಯೋ ಅದನ್ನು ತಿಂದು, ನಿನ್ನನ್ನು ಕರೆದುಕೊಂಡು ಹೋಗುವುದು ಅವನ ರೂಢಿ. ಅಂದು ಬಾಗಿಲಲ್ಲೇ ನಿಂತ.

"ಅಜ್ಜೀ, ಕ್ಯಾಪ್ಟನ್ ಸಾಹೇಬ್ರು ಇದ್ದಾರಾ? ಇಲ್ಲ, ಫೋಟೋ ತೆಗೆಸ್ಲಿಕ್ಕೆ ಹೋಗಿದ್ದಾರಾ?"

ನಗುತ್ತಲೇ ಹೇಳಿದ. ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. "ಒಳಗೆ ಬಾ, ಬಜೆ ಇದೆ" ಎಂದೆ. "ಬೇಡ ಅಜ್ಜಿ, ಹೊಟ್ಟೆ ತುಂಬಿದೆ" ಎಂದ. ಇರ್ಫಾನನ ಹೊಟ್ಟೆ ತುಂಬಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನೀನು ಕೋಣೆಯ ಬಾಗಿಲ ಹಿಂದೆ ಇದ್ದೆ. ಎಲ್ಲವೂ ಕೇಳಿಸಿತ್ತು. ಅದರ ಮರುದಿನದಿಂದ ಇರ್ಫಾನ್ ಕರೆಯಲು ಬರಲಿಲ್ಲ. ನೀನೂ ಫೋನ್ ಮಾಡಲಿಲ್ಲ. ಪ್ರ್ಯಾಕ್ಟೀಸಿಗೆ ಇಬ್ಬರೂ ಬೇರೆ ಬೇರೆ ಹೋಗಿ, ಬೇರೆ ಬೇರೆ ಬಂದಿರಿ.

ನನಗೆ ಕಪ್ಪಿನ ಚಿಂತೆ ಇರಲಿಲ್ಲ. ಇನ್ನು ಸ್ವಲ್ಪ ದಿನಕ್ಕೆ ನಿಮ್ಮಿಬ್ಬರ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಮುಗಿಯುತ್ತದೆ. ಅವನೊಂದು ಊರಿಗೆ, ನೀನೊಂದು ಊರಿಗೆ. ಮುನಿಸಿಕೊಂಡೇ ಬೇರೆಯಾದರೆ ಅದನ್ನು ಸರಿಮಾಡುವುದು ಯಾವಾಗ, ಎಲ್ಲಿ ಕೂತು? ಹೇಳಬೇಕು ಎನಿಸಿತು. ನನ್ನ ಸ್ವಭಾವ ಗೊತ್ತಲ್ಲ, ಬಾಯಿಗೆ ಬಂದದ್ದು ಅಡುಗೆಮನೆಯಲ್ಲೇ ಉಳಿಯಿತು.

ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಫೈನಲ್. ಒಂದು ಶಾಲೆಯ ಅಂಗಳದಲ್ಲಿ ಮ್ಯಾಟ್ ಹಾಸಿದ್ದರು. ಪಟ್ಟಿ ನಿನ್ನ ತೋಳಿನಲ್ಲಿತ್ತು. ಕೊನೆಗೂ ಕಟ್ಟಿದವನು ನಿಮ್ಮ ಅಪ್ಪ, ಕಾರಿನಲ್ಲಿ, ಸಿಗ್ನಲ್ ಕೆಂಪಾಗಿದ್ದಾಗ.

ಈ ಸಲ ರೆಫ್ರಿ ಹೊಸಬರು. ಯಾವುದೋ ಶಾಲೆಯ ಪಿ.ಟಿ. ಮೇಷ್ಟ್ರು. ಉತ್ತರದ ಕಡೆಯವರು, ನಮ್ಮ ಯಾವ ತಾಲೂಕಿನ ಮುಲಾಜೂ ಇಲ್ಲದವರು. ಟಾಸ್ ಮುಗಿದ ಮೇಲೆ ಬೆರಳೆತ್ತಿ ಒಂದೇ ಮಾತು ಹೇಳಿದರು. "ಸಿರ್ಫ್ ಕ್ಯಾಪ್ಟನ್ ಬೋಲೇಗಾ."

ಆಟದ ನಡುವೆ ತಂಡಕ್ಕೆ ಸೂಚನೆ ಕೊಡುವುದಾದರೆ ಕ್ಯಾಪ್ಟನ್ ಮಾತ್ರ ಕೊಡಬೇಕಂತೆ. ನಿಯಮ ಮೊದಲಿನಿಂದಲೂ ಇತ್ತಂತೆ. ನಮ್ಮ ಸಮಿತಿಯವರು ಫುಟ್‌ಬಾಲಿನಿಂದ ಪಟ್ಟಿ ತಂದರು. ಕಬಡ್ಡಿಯ ನಿಯಮ ಓದುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಎದುರು ತಂಡದ ರೈಡರ್ ಒಳಗೆ ಬಂದ. "ಕಾಲು ಹಿಡಿ! ಕಾಲು!" ಎಂದು ಇರ್ಫಾನ್ ಕೂಗಿದ. ರೆಫ್ರಿ ಪೀಪಿ ಊದಿದರು. ಎದುರಿನವರಿಗೆ ಒಂದು ಪಾಯಿಂಟ್. ಅಭ್ಯಾಸಬಲ, ಇನ್ನೊಮ್ಮೆ ಕೂಗಿದ. ಇನ್ನೊಂದು ಪಾಯಿಂಟ್. ಆಮೇಲೆ ಹುಡುಗ ತನ್ನ ಬಾಯಿಯನ್ನು ತಾನೇ ಕೈಯಿಂದ ಮುಚ್ಚಿಕೊಂಡು ಆಡತೊಡಗಿದ. ಒಂದು ಕೈಯಲ್ಲಿ ಬಾಯಿ ಹಿಡಿದರೆ ರೈಡರನ್ನು ಹಿಡಿಯುವುದು ಯಾವ ಕೈಯಲ್ಲಿ?

ಪಕ್ಕದ ಕುರ್ಚಿಯಲ್ಲಿ ಹಮೀದ್ ಭಾಯಿ ಕೂತಿದ್ದರು. "ನನ್ನ ಮಗ ಮನೆಯಲ್ಲೂ ಹೀಗೆ ಬಾಯಿ ಮುಚ್ಚಿದ್ರೆ ಅಮ್ಮಾ, ಆ ರೆಫ್ರಿಯ ಗಾಡಿಗೆ ಜೀವನಪೂರ್ತಿ ಫ್ರೀ ಸರ್ವಿಸ್" ಎಂದರು.

ಆಮೇಲೆ ನೀವಿಬ್ಬರು ಒಂದು ಉಪಾಯ ಮಾಡಿದಿರಿ. ಇರ್ಫಾನ್ ನಿನ್ನ ಕಿವಿಯಲ್ಲಿ ಹೇಳುವುದು, ನೀನು ಗಟ್ಟಿಯಾಗಿ ಕೂಗುವುದು. ದಿನಗಟ್ಟಲೆ ಮಾತು ಬಿಟ್ಟವರು ಮಾತಾಡಿದ್ದು ಹಾಗೆ. ಆದರೆ ಇರ್ಫಾನನ ಬಾಯಿಯಿಂದ ನಿನ್ನ ಕಿವಿಗೆ, ನಿನ್ನ ಬಾಯಿಯಿಂದ ಉಳಿದವರ ಕಿವಿಗೆ "ಹಿಡಿ" ಎನ್ನುವ ಮಾತು ತಲುಪುವಷ್ಟರಲ್ಲಿ ರೈಡರ್ ಗೆರೆ ದಾಟಿ, ನೀರು ಕುಡಿದು, ಬೆವರು ಒರೆಸಿಕೊಳ್ಳುತ್ತಿದ್ದ. ಜನ ನಗತೊಡಗಿದರು.

ಅರ್ಧ ಆಟ ಮುಗಿದಾಗ ನಾವು ಬಹಳ ಹಿಂದೆ ಬಿದ್ದಿದ್ದೆವು. ನೀನು ಪಟ್ಟಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನೇರ ರೆಫ್ರಿಯ ಬಳಿ ಹೋದೆ. ಕ್ಯಾಪ್ಟನ್ ಬದಲಾಯಿಸಬಹುದೇ ಎಂದು ಕೇಳಿದೆ. ಬದಲಾಯಿಸಬಹುದು, ಆದರೆ ತಂಡದ ಮ್ಯಾನೇಜರ್ ಬಂದು ಹೇಳಬೇಕು ಎಂದರು. ನಮ್ಮಲ್ಲಿ ಅಧ್ಯಕ್ಷರೇ ಮ್ಯಾನೇಜರ್.

ನೀನು ಅಪ್ಪನ ಮುಂದೆ ಬಂದು ನಿಂತೆ. ಸುತ್ತ ಸಮಿತಿ.

"ಈಗ ಬದಲಾಯಿಸಿದ್ರೆ ಬೇರೆ ತಾಲೂಕಿನವರು ನಗ್ತಾರೆ!" ಎಂದರು ಶೇಖರಣ್ಣ. ಬೇರೆ ತಾಲೂಕಿನವರು ಆಗಲೇ ನಕ್ಕು ಸುಸ್ತಾಗಿದ್ದರು.

ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ನೀನು ಇಂಗ್ಲಿಷಿನಲ್ಲಿ ಉತ್ತರ ಕೊಡುವವನು. ಅಂದು ಅಷ್ಟು ಜನರ ನಡುವೆ ಕನ್ನಡದಲ್ಲೇ ಕೇಳಿದೆ. "ಅಪ್ಪಾ, ನಮಗೆ ಕಪ್ ಬೇಕಾ, ಫೋಟೋ ಬೇಕಾ?"

ನಿಮ್ಮ ಅಪ್ಪ ಸ್ಕೋರ್ ಬೋರ್ಡ್ ನೋಡಿದ. ವೇದಿಕೆಯ ಮೇಲಿದ್ದ ಮುಖ್ಯ ಅತಿಥಿಗಳನ್ನು ನೋಡಿದ. ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಆಮೇಲೆ ನಿನ್ನ ಹೆಗಲ ಮೇಲೆ ಕೈಯಿಟ್ಟು, ಕಿವಿಯ ಬಳಿ ಬಾಗಿ, ಪಿಸುಗುಟ್ಟಿದ. "ಈಗ ಅವನಿಗೆ ಕಟ್ಟು. ಫೋಟೋದ ಹೊತ್ತಿಗೆ ವಾಪಸ್ ನೀನು ಕಟ್ಟಿಕೊ. ಆಯ್ತಾ?"

ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಯಂತ್ರಗಳ ಸದ್ದಿನ ನಡುವೆ ಮಾತಾಡಿ ಮಾತಾಡಿ ನಿಮ್ಮ ಅಪ್ಪನಿಗೆ ಪಿಸುಗುಟ್ಟುವುದು ಮರೆತುಹೋಗಿದೆ. ಮಾತು ವೇದಿಕೆಯವರೆಗೂ ಕೇಳಿಸಿತು. ಇರ್ಫಾನಿಗೂ ಕೇಳಿಸಿತು. ಅವನು ಮುಖ ತಿರುಗಿಸಿ ಶೂಸಿನ ದಾರ ಕಟ್ಟತೊಡಗಿದ. ದಾರ ಬಿಚ್ಚಿರಲೇ ಇಲ್ಲ.

"ಇಲ್ಲ ಅಪ್ಪಾ" ಎಂದೆ ನೀನು. "ಫೋಟೋಕ್ಕೂ ಅವನೇ."

ಎಲ್ಲರ ಕಿವಿಗೂ ಬಿದ್ದಾದ ಮೇಲೆ ಅಧ್ಯಕ್ಷರಿಗೆ ಬೇರೆ ದಾರಿ ಏನಿತ್ತು? ನಿಮ್ಮ ಅಪ್ಪ ರೆಫ್ರಿಯ ಕಡೆ ನಡೆದ. ಹೆಜ್ಜೆ ಭಾರವಾಗಿತ್ತು. ಆದರೆ ನಡೆದ, ಅದನ್ನು ಹೇಳಲೇಬೇಕು.

"ಬೇಡ ಮಾರಾಯ, ನಿನ್ನ ಅಪ್ಪ ಬೇಜಾರು ಮಾಡ್ತಾರೆ" ಎಂದ ಇರ್ಫಾನ್, ಪಟ್ಟಿ ಕೊಟ್ಟಾಗ.

"ಅದು ನಾನು ನೋಡ್ಕೊಳ್ತೇನೆ. ಕಟ್ಟು. ಯಲ್ಲಾ, ಬೇಗ."

ಅವನು ಅದನ್ನು ತೋಳಿಗೆ ಕಟ್ಟಲಿಲ್ಲ. ತರಚಿ ರಕ್ತ ಬರುತ್ತಿದ್ದ ಮೊಣಕಾಲಿಗೆ ಸುತ್ತಿಕೊಂಡ. ಇಷ್ಟು ವರ್ಷಗಳಲ್ಲಿ ಆ ಪಟ್ಟಿಯಿಂದ ಏನಾದರೂ ಉಪಯೋಗವಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಬಾಯಿ ತೆರೆದ. ಅಬ್ಬಾ, ಆ ಗಂಟಲು! ಅಂಗಳದ ಗೋಡೆಯ ಮೇಲಿದ್ದ ಪಾರಿವಾಳಗಳು ಎದ್ದವು. ನಮ್ಮ ಹುಡುಗರು ಒಂದೊಂದಾಗಿ ಪಾಯಿಂಟ್ ಹಿಂದೆ ತಂದರು. ಕೊನೆಯ ರೈಡರನ್ನು ನೀನೂ ಅವನೂ ಸೇರಿ ಹಿಡಿದು ಕೆಡವಿದಾಗ ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆನಂತೆ. ನನಗೆ ನೆನಪಿಲ್ಲ, ಧೃತಿ ಹೇಳಿದ್ದು.

ಆದರೂ ಒಂದು ಪಾಯಿಂಟಿನಿಂದ ಸೋತೆವು.

ಫೋಟೋ ತೆಗೆದರು. ಎರಡನೇ ಸ್ಥಾನದ ಸಣ್ಣ ಕಪ್ ಹಿಡಿದುಕೊಂಡು ಇರ್ಫಾನ್ ನಡುವೆ. ತುದಿಯಲ್ಲಿ ನೀನು, ಅರ್ಧ ಭುಜ ಹೊರಗೆ. ಫೋಟೋಗ್ರಾಫರ್ "ಒಳಗೆ ಬಾ, ಒಳಗೆ ಬಾ" ಎಂದರೂ ಬರಲಿಲ್ಲ. ಸೋತ ತಂಡದ ಫೋಟೋದಲ್ಲಿ ಅಷ್ಟು ಹಲ್ಲು ಕಾಣಬಾರದು ಎಂಬುದು ನಿಮ್ಮ ಅಪ್ಪನ ಅಭಿಪ್ರಾಯ.

ಮರುದಿನ ನಮ್ಮ ಹಾಲಿನಲ್ಲಿ ಸೋಲಿನ ಬಗ್ಗೆ ಮೀಟಿಂಗ್. ಕಾರಣ ಕಂಡುಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ: ಆಟದ ಮಧ್ಯೆ ಕ್ಯಾಪ್ಟನ್ ಬದಲಾಯಿಸಿದ್ದು. ಮೊದಲ ಅರ್ಧದಲ್ಲಿ ಬಾಯಿಗೆ ಬೀಗ ಹಾಕಿ ಕಳೆದುಕೊಂಡ ಪಾಯಿಂಟುಗಳ ಮಾತು ಬರಲಿಲ್ಲ. ಇನ್ನು ಮುಂದೆ ಅಧ್ಯಕ್ಷರ ಮಗ ಕ್ಯಾಪ್ಟನ್ ಆಗಬಾರದು ಎಂದು ಒಂದೇ ಧ್ವನಿಯಲ್ಲಿ ತೀರ್ಮಾನವಾಯಿತು. ತೀರ್ಮಾನ ಓದಿ ಹೇಳಿದವರು ಶೇಖರಣ್ಣ. ಬರುವ ವರ್ಷ ಹನ್ನೆರಡನೇ ಕ್ಲಾಸಿಗೆ ಬರುವುದು ಅವರ ಮಗ. ಕಾರ್ಯದರ್ಶಿಯ ಮಗನ ಬಗ್ಗೆ ತೀರ್ಮಾನದಲ್ಲಿ ಏನೂ ಇಲ್ಲ.

ಅವರು ಎದ್ದು ಹೋದ ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. "ಅಜ್ಜೀ, ಎಂತ ಉಂಟು ತಿನ್ಲಿಕ್ಕೆ?" ಇರ್ಫಾನ್. ಸಮಿತಿ ಉಳಿಸಿ ಹೋದದ್ದನ್ನೆಲ್ಲ ನೀವಿಬ್ಬರು ತಿಂದು ಮುಗಿಸಿದಿರಿ. ಜಗಳ ಏನಾಯಿತು ಎಂದು ನಾನು ಕೇಳಲಿಲ್ಲ. ತಟ್ಟೆ ಖಾಲಿಯಾಗಿತ್ತು, ಸಾಕು.

ನಿಮ್ಮ ಅಪ್ಪ ಮಾತ್ರ ಮುಖ ಊದಿಸಿಕೊಂಡೇ ಓಡಾಡಿದ. ಆಮೇಲೆ ಒಂದು ಸಂಜೆ ಊರಿನಲ್ಲಿರುವ ನಿಮ್ಮ ಚಿಕ್ಕಪ್ಪನ ಹತ್ತಿರ ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಫೈನಲಲ್ಲಿ ಕ್ಯಾಪ್ಟನ್ಸಿ ಬಿಟ್ಟುಕೊಟ್ಟ ಮಾರಾಯ ನನ್ನ ಮಗ! ಅಷ್ಟು ಜನರ ಎದುರು! ನಾನೇ ಹೇಳಿದ್ದು, ಬಿಟ್ಟುಕೊಡು ಅಂತ."

(ಸತೀಶ, ನೀನೂ ಓದುತ್ತೀಯ ಎಂದು ಗೊತ್ತು. ಸಾರು ಬಿಸಿ ಇದೆ, ಬಂದು ಉಣ್ಣು.)

ಮಕ್ಕಳೇ, ನಿಮ್ಮ ಅಪ್ಪನ ಮೇಲೆ ಸಿಟ್ಟು ಬೇಡ. ಮಗ ನಡುವಿನಲ್ಲಿ ನಿಲ್ಲಲಿ ಎಂದು ಆಸೆಪಡದ ಅಪ್ಪ ಎಲ್ಲಿದ್ದಾನೆ? ಅವನನ್ನು ಅಲ್ಲಿ ನಿಲ್ಲಿಸಲು ಇನ್ನೊಬ್ಬರ ಮಗನನ್ನು ತುದಿಗೆ ತಳ್ಳಬೇಕಾಗುತ್ತದೆ ಎಂಬುದು ಮಾತ್ರ ಅಪ್ಪಂದಿರ ಕಣ್ಣಿಗೆ ಬೀಳುವುದಿಲ್ಲ. ನೀವು ಕೆಟ್ಟವರಾಗಬೇಕಾಗಿಲ್ಲ, ಅಪ್ಪ ಅಮ್ಮ ಆದರೆ ಸಾಕು, ನಿಮ್ಮ ಕಣ್ಣಿಗೂ ಬೀಳುವುದಿಲ್ಲ.

ಅದಕ್ಕೇ ಈ ಹಾಳೆಗಳನ್ನು ಜೋಪಾನವಾಗಿ ಎತ್ತಿಡಿ. ಈಗ ಓದಲು ಕಷ್ಟವಾದರೆ ಅವಸರವಿಲ್ಲ. ಎಲ್ಲೋ ಒಂದು ಊರಿನಲ್ಲಿ, ಯಾವುದೋ ಒಂದು ಸಮಿತಿಯಲ್ಲಿ ನಿಮಗೂ ಒಂದು ಕುರ್ಚಿ ಸಿಗುತ್ತದೆ, ನಿಮ್ಮ ಮಗನೋ ಮಗಳೋ ಆ ವರ್ಷವೇ ತಂಡಕ್ಕೆ ಸೇರಿರುತ್ತಾರೆ. ಮೀಟಿಂಗಿಗೆ ಹೊರಡುವ ಮೊದಲು ಒಮ್ಮೆ ತೆಗೆದು ಓದುತ್ತೀರಲ್ಲ?